ಟಿಆರ್, ಟಿಡಿ ಎರಡೂ ಮಾಯ! ಸ್ಟ್ರಿಂಗ್‌ನಿಂದ ಟೇಬಲ್ ಸಾಲು ಮಾಡೋದು ಹೇಗೆ?

ಅಡಿಕೆ_ಚಪ್ಪರ · ಶಿರಸಿ · ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಇಲ್ಲೇ ಹತ್ತಿರದ ಒಂದು ಸಣ್ಣ ಸಂಘಕ್ಕೆ ಅಡಿಕೆ ದರಪಟ್ಟಿ ಪುಟ ಮಾಡಿಕೊಡ್ತಾ ಇದ್ದೇನೆ. ಹಳೇ ಸರ್ವರ್‌ನಿಂದ ಆ ದಿನದ ದರ ಎಚ್‌ಟಿಎಂಎಲ್ ಸ್ಟ್ರಿಂಗ್ ಆಗಿ, ಅಂದರೆ ಟ್ಯಾಗ್ ಸಮೇತದ ಬರೀ ಅಕ್ಷರಗಳಾಗಿ ಬರ್ತದೆ. ಪೂರ್ತಿ ಟೇಬಲ್ ಅಲ್ಲ, ಬರೀ ಸಾಲುಗಳು. ಒಂದೊಂದು ಟಿಆರ್ (ಟೇಬಲ್ಲಿನ ಒಂದು ಸಾಲಿನ ಟ್ಯಾಗ್), ಅದರೊಳಗೆ ಐದು ಟಿಡಿ (ಸಾಲಿನ ಒಂದೊಂದು ಮನೆ): ಮಾಲು, ಕನಿಷ್ಠ, ಗರಿಷ್ಠ, ಸರಾಸರಿ, ಷರಾ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೊನೆಗೆ ಕಾಳುಮೆಣಸು.

ಆ ಸ್ಟ್ರಿಂಗನ್ನು ಡಾಮ್ ನೋಡ್‌ಗಳಾಗಿ (ಬ್ರೌಸರ್ ಪುಟವನ್ನು ಮರದ ಹಾಗೆ ಜೋಡಿಸಿಡುವ ತುಣುಕುಗಳು) ಮಾಡಿ ಟೇಬಲ್ಲಿಗೆ ಸೇರಿಸಬೇಕು. ಆಮೇಲೆ ಆಫೀಸಿನ ಗುಮಾಸ್ತರು ಸ್ಕ್ರೀನ್ ಮೇಲೇ ದರ ತಿದ್ದುವ ಹಾಗೆ ಆಗಬೇಕು. ಒಂದು ಡಿವ್ (ಖಾಲಿ ಡಬ್ಬಿಯಂಥ ಎಲಿಮೆಂಟ್) ಹುಟ್ಟಿಸಿ, ಅದರ ಇನ್ನರ್‌ಎಚ್‌ಟಿಎಂಎಲ್‌ಗೆ (ಒಳಗಿನ ಎಚ್‌ಟಿಎಂಎಲ್) ಸ್ಟ್ರಿಂಗ್ ಕೊಟ್ಟು, ಫಸ್ಟ್‌ಚೈಲ್ಡ್ (ಮೊದಲ ಮಗು ನೋಡ್) ತೆಗೆದೆ. ಟಿಆರೂ ಇಲ್ಲ, ಟಿಡಿಯೂ ಇಲ್ಲ! "ಚಾಲಿ" ಮತ್ತು ಅದರ ಅಂಕಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದೇ ಟೆಕ್ಸ್ಟ್ ನೋಡ್. ಕನ್ಸೋಲಿನಲ್ಲಿ ಎರರ್ ಕೂಡ ಬರ್ತಾ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಇದೇ ಕಥೆ. ಇದು ಬಗ್ಗಾ ಅಥವಾ ಹೀಗೇ ಇರ್ಬೇಕಾ?

ಬೈತಖೋಲ್_ಬಂದರು · ಕಾರವಾರ · 9:52

ಹೀಗೇ ಇರಬೇಕು. ಡಿವ್ ತೆಗೆದು ಟೆಂಪ್ಲೇಟ್ ಎಲಿಮೆಂಟ್ ಹಾಕಿ. ಮುಗೀತು.

ಬೆಂಗ್ಳೂರ್_ರಿಟರ್ನ್ · 9:58

2013ರ ಸಮಸ್ಯೆಗಳನ್ನೆಲ್ಲ ಇನ್ನೂ ಹೊತ್ಕೊಂಡು ತಿರುಗ್ತಾ ಇದ್ದೀರಲ್ಲ ಮಾರಾಯ್ರೆ. ರಿಯಾಕ್ಟ್ ಹಾಕಿ, ಡಾಮ್ ಮುಟ್ಟುವ ಕೆಲಸವೇ ಇಲ್ಲ.

ಬೈತಖೋಲ್_ಬಂದರು · ಕಾರವಾರ · 10:01

ಸರ್ವರ್‌ನಿಂದ ಬರೋದೇ ಎಚ್‌ಟಿಎಂಎಲ್ ಸ್ಟ್ರಿಂಗ್ ಅಂದಮೇಲೆ ರಿಯಾಕ್ಟ್ ಏನು ಮಾಡ್ತದೆ? ಅಲ್ಲೂ ಡೇಂಜರಸ್ಲಿ‌ಸೆಟ್‌ಇನ್ನರ್‌ಎಚ್‌ಟಿಎಂಎಲ್ ಅನ್ನೋದನ್ನೇ ಬರೀಬೇಕು. ಒಳಗೆ ನಡೆಯೋದು ಅದೇ ಇನ್ನರ್‌ಎಚ್‌ಟಿಎಂಎಲ್. ಆರು ಸಾಲಿನ ದರಪಟ್ಟಿಗೆ ಇಡೀ ಫ್ರೇಮ್‌ವರ್ಕ್ ಇಳಿಸಬೇಕಾ?

ದೇವಿಮನೆ_ತಿರುವು · ಕುಮಟಾ · 10:20

"ಟೆಂಪ್ಲೇಟ್ ಹಾಕಿ, ಮುಗೀತು" ಅಂದರೆ ಅವರಿಗೆ ಕಾರಣ ಗೊತ್ತಾಗೋದು ಹೇಗೆ? ಸ್ವಲ್ಪ ಬಿಡಿಸಿ ಹೇಳ್ತೇನೆ.

ಎಚ್‌ಟಿಎಂಎಲ್ ಪಾರ್ಸರ್ (ಸ್ಟ್ರಿಂಗ್ ಓದಿ ಮರ ಕಟ್ಟುವ ಬ್ರೌಸರಿನ ಭಾಗ) ಸ್ಟ್ರಿಂಗನ್ನು ಓದುವಾಗ "ನಾನೀಗ ಯಾವುದರ ಒಳಗಿದ್ದೇನೆ" ಅಂತ ನೋಡಿಕೊಂಡೇ ಓದೋದು. ನೀವು ಡಿವ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಕೊಟ್ಟಿರಿ, ಹಾಗಾಗಿ ಅದು ಬಾಡಿಯ (ಪುಟದ ಮುಖ್ಯ ಭಾಗ) ಒಳಗೆ ಇದ್ದ ಹಾಗೆ ಓದ್ತು. ಬಾಡಿಯಲ್ಲಿ ಟೇಬಲ್ ತೆರೆಯದೇ ಟಿಆರ್ ಅಥವಾ ಟಿಡಿ ಕಂಡರೆ ಆ ಟ್ಯಾಗನ್ನು ಬಿಟ್ಟು ಮುಂದೆ ಹೋಗು ಅಂತ ಸ್ಟ್ಯಾಂಡರ್ಡಿನಲ್ಲೇ ಬರೆದಿದ್ದಾರೆ. ಪಂಕ್ತಿಯಲ್ಲಿ ಬಾಳೆ ಹಾಕದೇ ಕೂತವನನ್ನು ಬಡಿಸುವವರು ದಾಟಿ ಹೋದ ಹಾಗೆ. ಟ್ಯಾಗ್ ಹೋಗ್ತದೆ, ಒಳಗಿನ ಅಕ್ಷರ ಉಳೀತದೆ. ಅದಕ್ಕೇ ನಿಮಗೆ "ಚಾಲಿ" ಮತ್ತು ಅಂಕಿ ಮಾತ್ರ ಸಿಕ್ಕಿದ್ದು. ಎಚ್‌ಟಿಎಂಎಲ್ ಪಾರ್ಸರ್ ಎಂದೂ ಎರರ್ ಎಸೆಯೋದಿಲ್ಲ. ಎಂಥ ಹರಕು ಸ್ಟ್ರಿಂಗ್ ಕೊಟ್ಟರೂ ಏನೋ ಒಂದು ಮರ ಮಾಡಿ ಕೊಡ್ತದೆ.

ಟೆಂಪ್ಲೇಟ್ ಎಲಿಮೆಂಟಿಗೆ ಮಾತ್ರ ಬೇರೆ ನಿಯಮ. ಅದರೊಳಗೆ ಮೊದಲು ಟಿಆರ್ ಕಂಡರೆ ಪಾರ್ಸರ್ ತಾನಾಗಿ ಟೇಬಲ್ ಬಾಡಿಯ ನಿಯಮಕ್ಕೆ ಬದಲಾಗ್ತದೆ, ಟಿಡಿ ಕಂಡರೆ ಸಾಲಿನ ನಿಯಮಕ್ಕೆ. ಎಲ್‌ಐ ಆಗಲಿ, ಆಪ್ಶನ್ ಆಗಲಿ, ಎಲ್ಲಾ ಸರಿಯಾಗಿ ಕೂರ್ತದೆ. ಟೆಂಪ್ಲೇಟ್‌ನ ಇನ್ನರ್‌ಎಚ್‌ಟಿಎಂಎಲ್‌ಗೆ ಸ್ಟ್ರಿಂಗ್ ಕೊಡಿ, ಅದರ ಕಂಟೆಂಟ್ ಅನ್ನೋದು ಡಾಕ್ಯುಮೆಂಟ್ ಫ್ರಾಗ್ಮೆಂಟ್, ಪುಟಕ್ಕೆ ಇನ್ನೂ ಸೇರದ ನೋಡುಗಳ ಒಂದು ಗಂಟು. ಅದನ್ನು ಟಿಬಾಡಿಗೆ (ಟೇಬಲ್ಲಿನಲ್ಲಿ ಸಾಲುಗಳು ಕೂರುವ ಭಾಗ) ಅಪೆಂಡ್ ಮಾಡಿ, ಅಂದರೆ ಕೊನೆಗೆ ಸೇರಿಸಿ. ಫ್ರಾಗ್ಮೆಂಟಿನ ಮಕ್ಕಳೆಲ್ಲ ಹೊಸ ಮನೆಗೆ ಹೋಗ್ತವೆ, ಫ್ರಾಗ್ಮೆಂಟ್ ಖಾಲಿ. ಅದೇ ಸಾಲು ಮತ್ತೊಂದು ಕಡೆಗೂ ಬೇಕಾದರೆ ಮೊದಲೇ ಕ್ಲೋನ್‌ನೋಡ್ ಟ್ರೂ (ಮಕ್ಕಳ ಸಮೇತ ನಕಲು) ಮಾಡಿ ಇಟ್ಟುಕೊಳ್ಳಿ.

ಇನ್ನೊಂದು. ಫಸ್ಟ್‌ಚೈಲ್ಡ್ ಬೇಡ, ಫಸ್ಟ್‌ಎಲಿಮೆಂಟ್‌ಚೈಲ್ಡ್ ಬಳಸಿ. ಸ್ಟ್ರಿಂಗ್ ಶುರುವಿನಲ್ಲಿ ಒಂದು ಹೊಸ ಸಾಲಿನ ಗುರುತು ಇದ್ದರೂ ಮೊದಲ ಮಗು ಖಾಲಿ ಟೆಕ್ಸ್ಟ್ ನೋಡ್ ಆಗಿರ್ತದೆ.

ತೊಡದೇವು · ಶಿರಸಿ · 10:31

ತಮಾ, ಇಷ್ಟೆಲ್ಲಾ ಎಂತಕ್ಕೆ? ಆರು ಸಾಲಿಗೆ ಎಂತಾ ಪಾರ್ಸರೂ ಬೇಡ. ರೆಜೆಕ್ಸ್ (ಅಕ್ಷರದ ಮಾದರಿ ಹುಡುಕ ಸೂತ್ರ) ಹಾಕಿ ಟಿಡಿ ಮಧ್ಯ ಇದ್ದಿದ್ದನ್ನ ತೆಕ್ಕಂಡ್ರೆ ಆತು. ಆನು ಹಾಂಗೇ ಮಾಡಿದ್ದಿ, ಎಂತದೂ ತೊಂದ್ರೆ ಬಂಜಿಲ್ಲೆ.

ಶರಾವತಿ_ದಂಡೆ · ಹೊನ್ನಾವರ · 10:38

ಅಣ್ಣಾ, ಟಿಡಿಯ ಮುಚ್ಚುವ ಟ್ಯಾಗನ್ನು ಬರೆಯದೇ ಬಿಟ್ಟರೂ ಅದು ನಿಯಮದ ಪ್ರಕಾರ ಸರಿಯಾದ ಎಚ್‌ಟಿಎಂಎಲ್ಲೇ. ಸರ್ವರ್ ಕಡೆಯವರು ಒಂದು ದಿನ ಅದನ್ನು ಬಿಟ್ಟರು, ಅಥವಾ ಟಿಡಿಗೆ ಒಂದು ಕ್ಲಾಸ್ ಸೇರಿಸಿದರು, ಅಥವಾ ಷರಾ ಒಳಗೆ ಒಂದು ದಪ್ಪಕ್ಷರದ ಟ್ಯಾಗ್ ಬಂತು ಅಂದರೆ ನಿಮ್ಮ ರೆಜೆಕ್ಸ್ ಅಲ್ಲೇ ಕೂತ್ಕೊಳ್ತದೆ. ಬ್ರೌಸರ್ ಒಳಗೇ ಪುಕ್ಕಟೆ ಪಾರ್ಸರ್ ಇರುವಾಗ ಯಾಕೆ ಬೇಕು ಆ ಉಸಾಬರಿ?

ಆದರೆ ದೇವಿಮನೆಯವರು ಹೇಳಿದ್ದಕ್ಕೂ ಒಂದು ಸೇರಿಸ್ತೇನೆ. ನಾನಾಗಿದ್ದರೆ ಡಾಮ್‌ಪಾರ್ಸರ್ ಬಳಸ್ತಿದ್ದೆ. ಪಾರ್ಸ್‌ಫ್ರಮ್‌ಸ್ಟ್ರಿಂಗ್‌ಗೆ ಸ್ಟ್ರಿಂಗ್ ಮತ್ತು ಟೆಕ್ಸ್ಟ್/ಎಚ್‌ಟಿಎಂಎಲ್ ಕೊಟ್ಟರೆ ಪೂರ್ತಿ ಬೇರೆಯದೇ ಡಾಕ್ಯುಮೆಂಟ್ ಸಿಗ್ತದೆ. ಅಲ್ಲಿ ಸ್ಕ್ರಿಪ್ಟ್ ಓಡೋದಿಲ್ಲ, ಚಿತ್ರ ಲೋಡ್ ಆಗೋದಿಲ್ಲ. ಆರಾಮಾಗಿ ಹುಡುಕಿ, ತಿದ್ದಿ, ಬೇಕಾದ್ದನ್ನು ಮಾತ್ರ ನಮ್ಮ ಪುಟಕ್ಕೆ ತರಬಹುದು.

ದೇವಿಮನೆ_ತಿರುವು · ಕುಮಟಾ · 10:44

ಅಕ್ಕಾ, ಡಾಮ್‌ಪಾರ್ಸರ್‌ಗೆ ಬರೀ ಟಿಆರ್ ಕೊಟ್ಟು ನೋಡಿ. ಅಲ್ಲೂ ಮಾಯವೇ. ಅದು ಇಡೀ ಡಾಕ್ಯುಮೆಂಟ್ ಅಂತ ಓದೋದು, ಅಲ್ಲೂ ಬಾಡಿಯ ನಿಯಮವೇ.

ಶರಾವತಿ_ದಂಡೆ · ಹೊನ್ನಾವರ · 10:49

ಹಿಂದೆ ಮುಂದೆ ಟೇಬಲ್ ಟ್ಯಾಗ್ ಅಂಟಿಸಿ ಕೊಟ್ಟರೆ ಆಯ್ತಲ್ಲ. ಆಮೇಲೆ ಕ್ವೆರಿಸೆಲೆಕ್ಟರ್‌ಆಲ್ ಹಾಕಿ ಟಿಆರ್‌ಗಳನ್ನು ಎತ್ತಿಕೊಳ್ಳೋದು.

ಎಕ್ಸ್‌ಎಂಎಲ್ ಮೋಡಿಗೆ (ಡಾಮ್‌ಪಾರ್ಸರಿನ ಕಟ್ಟುನಿಟ್ಟಿನ ಇನ್ನೊಂದು ಬಗೆ) ಮಾತ್ರ ಹೋಗಬೇಡಿ. ಅಲ್ಲಿ ಟಿಆರ್ ಉಳೀತದೆ ನಿಜ, ಆದರೆ ಎನ್‌ಬಿಎಸ್‌ಪಿ (ಮುರಿಯದ ಖಾಲಿ ಜಾಗದ ಸಂಕೇತ) ಒಂದು ಕಂಡರೂ ಗೊತ್ತಿಲ್ಲದ ಎಂಟಿಟಿ ಅಂತ ಮುಗ್ಗರಿಸ್ತದೆ. ಮುಚ್ಚದ ಬಿಆರ್‌ಗೂ (ಸಾಲು ಮುರಿಯುವ ಟ್ಯಾಗ್) ಹಾಗೇ. ಅದೂ ಎಕ್ಸೆಪ್ಶನ್ ಎಸೆಯೋದಿಲ್ಲ, ಪಾರ್ಸರ್‌ಎರರ್ ಅನ್ನೋ ಎಲಿಮೆಂಟ್ ಇರುವ ಡಾಕ್ಯುಮೆಂಟನ್ನು ಕೈಗೆ ಕೊಡ್ತದೆ. ನೋಡದೇ ಮುಂದೆ ಹೋದರೆ ಆ ಎರರ್ ಸಂದೇಶವೇ ದರಪಟ್ಟಿಯಲ್ಲಿ ಕೂತಿರ್ತದೆ.

ಬನವಾಸಿ_ಬೀದಿ · 10:55

ಮೂಲದಲ್ಲೇ ತಪ್ಪು ಇದೆ. ಸರ್ವರ್ ಎಚ್‌ಟಿಎಂಎಲ್ ಯಾಕೆ ಕಳಿಸಬೇಕು? ಜೇಸನ್ (ಟ್ಯಾಗ್ ಇಲ್ಲದ ಬರೀ ಮಾಹಿತಿ) ಕಳಿಸಲಿ. ಕ್ರಿಯೇಟ್‌ಎಲಿಮೆಂಟ್ ಮಾಡಿ, ಟೆಕ್ಸ್ಟ್‌ಕಂಟೆಂಟಿಗೆ ದರ ಹಾಕಿ. ಪಾರ್ಸರೂ ಬೇಡ, ಭಯವೂ ಬೇಡ.

ಅಡಿಕೆ_ಚಪ್ಪರ · ಶಿರಸಿ · 11:03

ಸರ್ವರ್ ನನ್ನ ಕೈಯಲ್ಲಿ ಇಲ್ಲ. ಬರೆದವರು ಈಗ ಎಲ್ಲಿದ್ದಾರೋ, ಸಂಘದವರಿಗೇ ಗೊತ್ತಿಲ್ಲ. ಪಾಸ್‌ವರ್ಡ್ ಇದ್ದ ಪುಸ್ತಕವನ್ನು ಗೆದ್ದಲು ತಿಂದಿದೆ ಅಂತಾರೆ.

ಗೋಕರ್ಣ_ಗಾಳಿ · 11:05

ಗೆದ್ದಲು 😂 ಇದಕ್ಕಿಂತ ಒಳ್ಳೇ ಪಾಸ್‌ವರ್ಡ್ ಪಾಲಿಸಿ ಇಲ್ಲ.

ಮಳೆ_ಶುರು · ಯಲ್ಲಾಪುರ · 11:09

ಅಂದ ಹಾಗೆ ಇವತ್ತು ಚಾಲಿ ಎಷ್ಟು ನಡೀತಾ ಇದೆ?

ಬೈತಖೋಲ್_ಬಂದರು · ಕಾರವಾರ · 11:10

ಟಿಡಿ ಸಿಕ್ಕಿದ ಮೇಲೆ ಹೇಳ್ತಾರೆ.

ಅಡಿಕೆ_ಚಪ್ಪರ · ಶಿರಸಿ · 12:15

ಟೆಂಪ್ಲೇಟ್ ಕೆಲಸ ಮಾಡಿತು, ದೇವಿಮನೆಯವರಿಗೆ ದೊಡ್ಡ ನಮಸ್ಕಾರ. ಟಿಡಿಗೆಲ್ಲ ಕಂಟೆಂಟ್‌ಎಡಿಟೇಬಲ್ ಟ್ರೂ ಹಾಕಿದ್ದೇನೆ, ಕ್ಲಿಕ್ ಮಾಡಿ ದರ ತಿದ್ದಬಹುದು. ಈಗ ಎರಡು ಕಿರಿಕಿರಿ.

ಗುಮಾಸ್ತರು ಎಂಟರ್ ಒತ್ತಿದರೆ ಟಿಡಿ ಒಳಗೆ ಹೊಸ ಡಿವ್ ಹುಟ್ಟಿಕೊಳ್ತದೆ. ಇನ್ನೊಂದು, ಮಧ್ಯಾಹ್ನ ತಡವಾಗಿ ಬರುವ ಕಾಳುಮೆಣಸಿನ ಸಾಲನ್ನು ಟಿಬಾಡಿಯ ಇನ್ನರ್‌ಎಚ್‌ಟಿಎಂಎಲ್‌ಗೆ ಪ್ಲಸ್ ಈಕ್ವಲ್ ಮಾಡಿ ಸೇರಿಸಿದರೆ, ಅವರು ತಿದ್ದುತ್ತಾ ಇದ್ದ ಕಡೆಯಿಂದ ಕರ್ಸರ್ ಹಾರಿ ಹೋಗ್ತದೆ. ಟಿಡಿಗಳಿಗೆ ಕಟ್ಟಿದ್ದ ಇವೆಂಟುಗಳೂ (ತಿದ್ದಿದಾಗ ಓಡುವ ಕೋಡ್) ಸತ್ತವು.

ಬೈತಖೋಲ್_ಬಂದರು · ಕಾರವಾರ · 12:24

ಪ್ಲಸ್ ಈಕ್ವಲ್ ಅಂದರೆ "ಸೇರಿಸು" ಅಂತ ಅಲ್ಲ. ಇದ್ದ ನೋಡುಗಳನ್ನೆಲ್ಲ ಮತ್ತೆ ಸ್ಟ್ರಿಂಗ್ ಮಾಡಿ, ಹೊಸದನ್ನು ಅಂಟಿಸಿ, ಎಲ್ಲವನ್ನೂ ಮೊದಲಿಂದ ಪಾರ್ಸ್ ಮಾಡ್ತದೆ. ನೋಡಲಿಕ್ಕೆ ಅದೇ ಸಾಲು, ಆದರೆ ಹಳೇ ನೋಡುಗಳು ಹೋದವು. ಇವೆಂಟೂ ಹೋಯ್ತು, ಕರ್ಸರೂ ಹೋಯ್ತು.

ಟಿಬಾಡಿಯ ಮೇಲೆ ಇನ್ಸರ್ಟ್‌ಅಡ್ಜೇಸೆಂಟ್‌ಎಚ್‌ಟಿಎಂಎಲ್ ಬಿಫೋರ್‌ಎಂಡ್ ಅಂತ ಕರೀರಿ. ಇದ್ದದ್ದನ್ನು ಮುಟ್ಟದೇ ಕೊನೆಗೆ ಹೊಸದನ್ನು ಕೂರಿಸ್ತದೆ. ಸಂದರ್ಭವೂ ಟಿಬಾಡಿಯೇ ಆದ್ದರಿಂದ ಟಿಆರ್ ಉಳೀತದೆ, ಟೆಂಪ್ಲೇಟೂ ಬೇಡ. ಟೇಬಲ್ ಮೇಲೆ ಕರೀಬೇಡಿ, ಟಿಬಾಡಿ ಮೇಲೆ ಕರೀರಿ. ಟೇಬಲ್ ಮೇಲೆ ಕರೆದರೆ ಒಂದೊಂದು ಸಲಕ್ಕೂ ಒಂದೊಂದು ಹೊಸ ಟಿಬಾಡಿ ಹುಟ್ಟಿ, ಸಾಲು ಮೂರು ಟಿಬಾಡಿ ನಾಲ್ಕು ಆಗ್ತದೆ.

ಇದೂ ಇನ್ನರ್‌ಎಚ್‌ಟಿಎಂಎಲ್ಲೂ ಎರಡೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಿಂದ, 1997ರಿಂದ ಬಂದವು. ಆ ಬ್ರೌಸರಿಗೆ ಬೈದವರೇ ಎಲ್ಲ, ಇವೆರಡು ಮಾತ್ರ ಇವತ್ತಿಗೂ ಎಲ್ಲರಿಗೂ ಬೇಕು.

ಶರಾವತಿ_ದಂಡೆ · ಹೊನ್ನಾವರ · 12:30

ಎಂಟರ್ ಸಮಸ್ಯೆಗೆ ಟ್ರೂ ಬದಲು ಪ್ಲೇನ್‌ಟೆಕ್ಸ್ಟ್-ಓನ್ಲಿ ಕೊಡಿ. ವರ್ಡಿನಿಂದ ಪೇಸ್ಟ್ ಮಾಡಿದರೂ ಬರೀ ಅಕ್ಷರ ಬರ್ತದೆ, ಡಿವ್ ಹುಟ್ಟೋದಿಲ್ಲ. ಮೊದಲು ಫೈರ್‌ಫಾಕ್ಸಿನಲ್ಲಿ ಇರಲಿಲ್ಲ, 2025ರಲ್ಲಿ ಬಂತು. ಇವೆಂಟನ್ನು ಒಂದೊಂದು ಟಿಡಿಗೆ ಕಟ್ಟಬೇಡಿ, ಟಿಬಾಡಿಗೆ ಒಂದೇ ಇನ್‌ಪುಟ್ ಇವೆಂಟ್ ಸಾಕು. ಯಾವ ಟಿಡಿ ಅಂತ ಟಾರ್ಗೆಟ್ ಹಿಡಿದು ಕ್ಲೋಸೆಸ್ಟ್ ಹಾಕಿ ತಿಳ್ಕೊಳ್ಳಿ.

ತೊಡದೇವು · ಶಿರಸಿ · 12:41

ಇಷ್ಟೊತ್ತು ನಾಲ್ಕು ಹೆಸರು ಬಂತು. ಇನ್ನರ್ ಹೇಳಿ ಒಂದು, ಟೆಂಪ್ಲೇಟ್, ಪಾರ್ಸರ್, ಅಡ್ಜೇಸೆಂಟ್. ಎಲ್ಲಾ ಮಾಡದು ಒಂದೇ ಕೆಲಸ ಆದ್ರೆ ಇಷ್ಟು ಎಂತಕ್ಕೆ ಬೇಕಾಗಿತ್ತು? ಅಂವ ಸುಮ್ನೆ ಇನ್ನರ್‌ಎಚ್‌ಟಿಎಂಎಲ್ ಹಾಕ್ಲಿ. ಅದ್ರಲ್ಲಿ ಸ್ಕ್ರಿಪ್ಟ್ ಹೆಂಗೂ ಓಡ್ತಿಲ್ಲೆ, ಸೇಫ್ ಇದ್ದು.

ಅಘನಾಶಿನಿ_ಬಳಚು · ಕುಮಟಾ · 12:58

ಬೆಳಿಗ್ಗೆಯಿಂದ ಸುಮ್ಮನೆ ಓದ್ತಾ ಇದ್ದೆ. "ಸೇಫ್ ಇದ್ದು" ಅಂದಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ.

ಸ್ಕ್ರಿಪ್ಟ್ ಟ್ಯಾಗ್ ಓಡೋದಿಲ್ಲ, ಅಷ್ಟು ನಿಜ. ಆದರೆ ಷರಾ ಕಾಲಮ್ಮಿನಲ್ಲಿ ಯಾರೋ ಒಬ್ಬರು ಇಲ್ಲದ ವಿಳಾಸದ ಒಂದು ಇಮೇಜ್ ಟ್ಯಾಗ್ ಬರೆದು, ಅದಕ್ಕೆ ಆನ್‌ಎರರ್ ಅಂತ ಎರಡು ಪದ ಜಾವಾಸ್ಕ್ರಿಪ್ಟ್ ಸೇರಿಸಿದರೆ? ಚಿತ್ರ ಸಿಗೋದಿಲ್ಲ, ಆನ್‌ಎರರ್ ಓಡ್ತದೆ. ಆ ಡಿವ್ವನ್ನು ಪುಟಕ್ಕೆ ಸೇರಿಸಿರಲೇಬೇಕು ಅಂತಲೂ ಇಲ್ಲ. ಕ್ರಿಯೇಟ್‌ಎಲಿಮೆಂಟ್ ಮಾಡಿದ ಡಿವ್ ಎಲ್ಲಿಗೂ ಅಪೆಂಡ್ ಆಗದೇ ವೇರಿಯಬಲ್ಲಿನಲ್ಲೇ ಬಿದ್ದಿದ್ದರೂ ಬ್ರೌಸರ್ ಚಿತ್ರ ತರಲಿಕ್ಕೆ ಹೊರಡ್ತದೆ, ಕೋಡ್ ಓಡ್ತದೆ. "ಮೊದಲು ಪಾರ್ಸ್ ಮಾಡಿ ಆಮೇಲೆ ಕೆಟ್ಟದ್ದನ್ನು ತೆಗೆದು ಹಾಕ್ತೇನೆ" ಅನ್ನುವವರು ಎಡವೋದು ಇಲ್ಲೇ. ತೆಗೆಯುವಷ್ಟರಲ್ಲಿ ಅದು ಓಡಿ ಆಗಿರ್ತದೆ.

ನಾಲ್ಕು ಹೆಸರು ಯಾಕೆ ಅಂದಿರಲ್ಲ, ಇದಕ್ಕೇ. ಟೆಂಪ್ಲೇಟಿನ ಕಂಟೆಂಟ್ ಮತ್ತು ಡಾಮ್‌ಪಾರ್ಸರ್ ಕೊಡುವ ಡಾಕ್ಯುಮೆಂಟ್ ಎರಡೂ ಜೀವ ಇಲ್ಲದ ಜಾಗ. ಅಲ್ಲಿ ಚಿತ್ರ ಲೋಡ್ ಆಗೋದಿಲ್ಲ, ಆನ್‌ಎರರ್ ಏಳೋದಿಲ್ಲ. ಆದರೆ ಅಲ್ಲಿಂದ ಎತ್ತಿ ಪುಟಕ್ಕೆ ಅಪೆಂಡ್ ಮಾಡಿದ ಕ್ಷಣ ಜೀವ ಬರ್ತದೆ, ಆನ್‌ಎರರ್ ಸಮೇತ. ಶುಚಿ ಮಾಡೋದೆಲ್ಲ ಆ ಮಧ್ಯದಲ್ಲೇ ಆಗಬೇಕು. ರೇಂಜ್‌ನ ಕ್ರಿಯೇಟ್‌ಕಾಂಟೆಕ್ಸ್ಚುವಲ್‌ಫ್ರಾಗ್ಮೆಂಟ್ ಅಂತ ಇನ್ನೊಂದಿದೆ. ಅದರಿಂದ ಬಂದ ಫ್ರಾಗ್ಮೆಂಟನ್ನು ಪುಟಕ್ಕೆ ಸೇರಿಸಿದರೆ ಸ್ಕ್ರಿಪ್ಟ್ ಟ್ಯಾಗೂ ಓಡ್ತದೆ. ಹೊರಗಿಂದ ಬಂದ ಸ್ಟ್ರಿಂಗಿಗೆ ಅದನ್ನು ಮುಟ್ಟಲೇಬೇಡಿ.

"ನಮ್ಮೂರ ದರಪಟ್ಟಿಗೆ ಯಾರು ಬರ್ತಾರೆ" ಅನ್ನಬೇಡಿ. 2005ರಲ್ಲಿ ಮೈಸ್ಪೇಸ್ ಅನ್ನೋ ಸೋಶಿಯಲ್ ಸೈಟಿನಲ್ಲಿ ಒಬ್ಬ ಹುಡುಗ ತನ್ನ ಪ್ರೊಫೈಲ್ ಒಳಗೆ ಬರೆದಿಟ್ಟ ಇಂಥದ್ದೇ ತುಣುಕು ಒಂದು ದಿನ ತುಂಬುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲುಗಳಿಗೆ ಹಬ್ಬಿತ್ತು. ಅಲ್ಲಿನವರೂ ಸ್ಕ್ರಿಪ್ಟ್ ಟ್ಯಾಗ್ ತಡೆದೇ ಕೂತಿದ್ದರು.

ಬನವಾಸಿ_ಬೀದಿ · 13:04

ಅದಕ್ಕೇ ನಾನು ಜೇಸನ್ ಅಂದಿದ್ದು.

ಅಡಿಕೆ_ಚಪ್ಪರ · ಶಿರಸಿ · 13:06

ಗೆದ್ದಲಿಗೆ ಹೇಳಿ.

ಬೆಂಗ್ಳೂರ್_ರಿಟರ್ನ್ · 13:15

ಡಾಮ್‌ಪ್ಯೂರಿಫೈ ಹಾಕಿ, ಒಂದು ಸಾಲಿನ ಕೆಲಸ. ಸ್ಟ್ರಿಂಗ್ ಕೊಟ್ಟರೆ ಶುಚಿಯಾದ ಸ್ಟ್ರಿಂಗ್ ಬರ್ತದೆ. ಇದಕ್ಕಾದರೂ ಯಾರೂ ತಕರಾರು ತೆಗೆಯೋದಿಲ್ಲ ಅಂದ್ಕೊಂಡಿದ್ದೇನೆ.

ದೇವಿಮನೆ_ತಿರುವು · ಕುಮಟಾ · 13:22

ತಕರಾರು ಇದೆ 🙂 ಲೈಬ್ರರಿ ಒಳ್ಳೆಯದೇ, ನಾನೂ ಬಳಸ್ತೇನೆ. ಆದರೆ ಅದರ ಒಳಗೆ ಇರೋದೂ ಡಾಮ್‌ಪಾರ್ಸರ್. ಬರೀ ಟಿಆರ್ ಕೊಟ್ಟರೆ ಬೆಳಿಗ್ಗೆಯ ಅದೇ ಕಥೆ, ಟ್ಯಾಗ್ ಹೋಗಿ ಅಕ್ಷರ ಉಳೀತದೆ. ಮೊದಲು ಟೇಬಲ್ ಸುತ್ತಿ, ಆಮೇಲೆ ಶುಚಿ ಮಾಡಿಸಿ, ಆಮೇಲೆ ಟಿಆರ್ ಎತ್ತಿಕೊಳ್ಳಿ.

ಶುಚಿಯಾದದ್ದನ್ನು ಸ್ಟ್ರಿಂಗ್ ಆಗಿ ವಾಪಸ್ ತಗೊಂಡು ಮತ್ತೆ ಇನ್ನರ್‌ಎಚ್‌ಟಿಎಂಎಲ್‌ಗೆ ಹಾಕೋದು ನಂಗೆ ಇಷ್ಟ ಇಲ್ಲ. ರಿಟರ್ನ್ ಡಾಮ್ ಫ್ರಾಗ್ಮೆಂಟ್ ಅಂತ ಒಂದು ಆಪ್ಶನ್ ಕೊಟ್ಟರೆ ನೇರ ಫ್ರಾಗ್ಮೆಂಟೇ ಸಿಗ್ತದೆ. ಮರವನ್ನು ಸ್ಟ್ರಿಂಗ್ ಮಾಡಿ ಅದೇ ಸ್ಟ್ರಿಂಗನ್ನು ಮತ್ತೆ ಓದಿದರೆ ಅದೇ ಮರ ಬರ್ತದೆ ಅಂತ ಎಚ್‌ಟಿಎಂಎಲ್‌ನಲ್ಲಿ ಖಾತ್ರಿ ಇಲ್ಲ. ಆ ಸಂದಿಯಲ್ಲೇ ನುಸುಳುವ ದಾಳಿಗಳ ಒಂದು ಜಾತಿಯೇ ಇದೆ. ಒಮ್ಮೆ ನೋಡ್ ಆಗಿ ಕೈಗೆ ಬಂದದ್ದನ್ನು ಮತ್ತೆ ಸ್ಟ್ರಿಂಗ್ ಮಾಡಬೇಡಿ ಅಂತ ನನ್ನ ಹುಡುಗರಿಗೆ ಹೇಳಿ ಹೇಳಿ ಗಂಟಲು ಒಣಗಿದೆ.

ಬೆಂಗ್ಳೂರ್_ರಿಟರ್ನ್ · 13:25

ಸರಿ ಗುರುಗಳೇ. ನಾನು ಊಟಕ್ಕೆ ಹೋಗ್ತೇನೆ.

ಗೋಕರ್ಣ_ಗಾಳಿ · 13:27

ಬ್ರೌಸರಿನಲ್ಲೇ ಸೆಟ್‌ಎಚ್‌ಟಿಎಂಎಲ್ ಅಂತ ಬರ್ತಾ ಇದೆಯಲ್ಲ, ಶುಚಿ ಮಾಡಿಯೇ ಒಳಗೆ ಹಾಕೋದು. ಟಿಬಾಡಿಯ ಮೇಲೆ ಕರೆದರೆ ಸಂದರ್ಭವೂ ಸರಿ ಇರ್ತದೆ.

ಅಘನಾಶಿನಿ_ಬಳಚು · ಕುಮಟಾ · 13:33

ಬರ್ತಾ ಇದೆ. ಆದರೆ ಸಂಘದ ಆಫೀಸಿನ ಕಂಪ್ಯೂಟರಿನಲ್ಲಿ ಯಾವ ಕಾಲದ ಬ್ರೌಸರ್ ಇದೆಯೋ ಮೊದಲು ನೋಡಿ. ಸೆಟ್‌ಎಚ್‌ಟಿಎಂಎಲ್ ಇದ್ದರೆ ಅದು, ಇಲ್ಲದಿದ್ದರೆ ಡಾಮ್‌ಪ್ಯೂರಿಫೈ. ಅದರ ಪಕ್ಕದಲ್ಲೇ ಸೆಟ್‌ಎಚ್‌ಟಿಎಂಎಲ್‌ಅನ್‌ಸೇಫ್ ಅಂತ ಇನ್ನೊಂದಿದೆ, ಅವಸರದಲ್ಲಿ ಅದನ್ನು ಎತ್ತಿಕೊಳ್ಳಬೇಡಿ.

ಅಡಿಕೆ_ಚಪ್ಪರ · ಶಿರಸಿ · 16:10

ಎರಡು ತಾಸು ಕರೆಂಟ್ ಇರಲಿಲ್ಲ, ಈಗ ಬಂದೆ. ಟೇಬಲ್ ಸುತ್ತಿ ಡಾಮ್‌ಪ್ಯೂರಿಫೈ ಹಾಕಿದೆ, ಟಿಆರ್, ಟಿಡಿ, ಬಿ, ಬಿಆರ್ ಮಾತ್ರ ಇರಲಿ ಅಂತ ಪಟ್ಟಿ ಬಿಗಿ ಮಾಡಿದೆ. ಸಾಲುಗಳು ಚೆನ್ನಾಗಿ ಬಂದವು. ಆದರೆ ಕೆಲವು ಸಾಲಿನ ಷರಾದಲ್ಲಿ ಕನ್ನಡವೇ ಹೋಗಿ, ಪೌಂಡ್ ಗುರುತು, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರ, ಹೀಗೆ ಏನೇನೋ ಬರ್ತಾ ಇದೆ. ಮೊದಲು ಸರಿ ಇತ್ತು. ಡಾಮ್‌ಪ್ಯೂರಿಫೈ ಕನ್ನಡ ಕೆಡಿಸ್ತದಾ?

ಶರಾವತಿ_ದಂಡೆ · ಹೊನ್ನಾವರ · 16:19

ಪೌಂಡ್ ಗುರುತು ಕಂಡಿರಾ? ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ "ನ" 😀 ಕನ್ನಡ ಕೆಟ್ಟದ್ದಲ್ಲ, ಅಲ್ಲಿ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡ ಇರಲೇ ಇಲ್ಲ. ಯಾರೋ ಹಳೇ ನುಡಿಯಲ್ಲಿ ವರ್ಡ್‌ನಲ್ಲಿ ಟೈಪ್ ಮಾಡಿ ಷರಾಕ್ಕೆ ಪೇಸ್ಟ್ ಮಾಡಿದ್ದಾರೆ. ಒಳಗಿರೋದು ಇಂಗ್ಲಿಷ್ ಸಂಕೇತಗಳು, ಅದರ ಮೇಲೆ ಫಾಂಟ್ ಟ್ಯಾಗಿನಲ್ಲಿ ನುಡಿ ಫಾಂಟಿನ ಹೆಸರು. ಆ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡವಾಗಿ ಕಾಣ್ತದೆ. ನೀವು ಪಟ್ಟಿ ಬಿಗಿ ಮಾಡಿದಾಗ ಫಾಂಟ್ ಟ್ಯಾಗ್ ಉದುರಿತು, ಅಸಲು ರೂಪ ಕಾಣಿಸಿತು. ರೈತರ ಮೊಬೈಲಿನಲ್ಲಿ ಅದು ಯಾವತ್ತೂ ಹೀಗೇ ಕಾಣ್ತಿತ್ತು, ನಿಮಗೆ ಗೊತ್ತಾಗಿರಲಿಲ್ಲ ಅಷ್ಟೇ.

ನೋಡ್ ಆಗಿ ಕೈಯಲ್ಲಿದ್ದರೆ ರಿಪೇರಿ ಸುಲಭ. ಡಾಮ್‌ಪಾರ್ಸರ್ ಕೊಟ್ಟ ಡಾಕ್ಯುಮೆಂಟಿನಲ್ಲಿ, ಶುಚಿ ಮಾಡುವ ಮೊದಲು, ಫೇಸ್ ಅಟ್ರಿಬ್ಯೂಟ್ (ಫಾಂಟಿನ ಹೆಸರು) ನುಡಿ ಅಂತ ಶುರುವಾಗುವ ಫಾಂಟ್ ಎಲಿಮೆಂಟುಗಳನ್ನೆಲ್ಲ ಹುಡುಕಿ. ಅವುಗಳ ಒಳಗಿನ ಅಕ್ಷರವನ್ನು ಮಾತ್ರ ಯೂನಿಕೋಡಿಗೆ ತಿರುಗಿಸಿ, ರಿಪ್ಲೇಸ್‌ವಿತ್ ಹಾಕಿ ಫಾಂಟ್ ಟ್ಯಾಗನ್ನು ಕಿತ್ತುಹಾಕಿ. ಆಮೇಲೆ ಶುಚಿ. ಇಡೀ ಸ್ಟ್ರಿಂಗಿಗೆ ಕನ್ವರ್ಟರ್ ಬಿಟ್ಟರೆ ಟ್ಯಾಗಿನ ಹೆಸರುಗಳೂ ಕನ್ನಡವಾಗಿ ಕೂರ್ತವೆ.

ತೊಡದೇವು · ಶಿರಸಿ · 16:26

ಹಾಂ, ಇಲ್ಲಿ ನನ್ನ ರೆಜೆಕ್ಸ್ ನಡೀತಿಲ್ಲೆ ಬಿಡು.

ಬೈತಖೋಲ್_ಬಂದರು · ಕಾರವಾರ · 16:40

ಶರಾವತಿಯವರು ಹೇಳಿದ್ದರಲ್ಲಿ ಒಂದು ಗುಂಡಿ ಇದೆ. ವರ್ಡ್‌ನಿಂದ ಬಂದ ಎಚ್‌ಟಿಎಂಎಲ್ ಒಂದೇ ಶಬ್ದವನ್ನು ಎರಡು ಮೂರು ಫಾಂಟ್ ಟ್ಯಾಗಿಗೆ ಹಂಚಿಬಿಡ್ತದೆ. ನುಡಿಯಲ್ಲಿ ಅರ್ಕಾವತ್ತಿನ ಸಂಕೇತ ಅಕ್ಷರ ಆದಮೇಲೆ ಬರ್ತದೆ. ಯೂನಿಕೋಡಿನಲ್ಲಿ "ರ್" ಮೊದಲು, ಆಮೇಲೆ ಅಕ್ಷರ. "ಖರ್ಚು" ಅನ್ನುವ ಶಬ್ದದ ಚು ಒಂದು ಟ್ಯಾಗಿನಲ್ಲಿ, ಅರ್ಕಾವತ್ತು ಮುಂದಿನ ಟ್ಯಾಗಿನಲ್ಲಿ ಇದ್ದರೆ, ಒಂದೊಂದನ್ನೇ ತಿರುಗಿಸುವ ಕನ್ವರ್ಟರಿಗೆ ಅದನ್ನು ಹಿಂದಕ್ಕೆ ಸಾಗಿಸಲಿಕ್ಕೆ ಜಾಗವೇ ಇರೋದಿಲ್ಲ.

ಹಾಗಾಗಿ ಮೊದಲು ಪಕ್ಕ ಪಕ್ಕದಲ್ಲಿರುವ ಒಂದೇ ಫೇಸಿನ ಫಾಂಟುಗಳನ್ನು ಒಂದು ಮಾಡಿ. ಎರಡನೆಯದರ ಮಕ್ಕಳನ್ನು ಮೊದಲನೆಯದಕ್ಕೆ ಅಪೆಂಡ್ ಮಾಡಿ, ಖಾಲಿ ಆದದ್ದನ್ನು ತೆಗೆದು, ಟಿಡಿಯ ಮೇಲೆ ನಾರ್ಮಲೈಸ್ ಕರೀರಿ. ಅಂಟಿಕೊಂಡಿರುವ ಟೆಕ್ಸ್ಟ್ ನೋಡುಗಳೆಲ್ಲ ಒಂದಾಗ್ತವೆ. ಆಮೇಲೆ ಕನ್ವರ್ಟ್ ಮಾಡಿ.

ಅಡಿಕೆ_ಚಪ್ಪರ · ಶಿರಸಿ · 18:35

ಬಂತು! "ಖರ್ಚು ವಜಾ" ಅಂತ ಸ್ಪಷ್ಟವಾಗಿ ಕಾಣ್ತಾ ಇದೆ. ಗುಮಾಸ್ತರು ತಿದ್ದಿಯೂ ನೋಡಿದರು, ಕರ್ಸರ್ ಹಾರಲಿಲ್ಲ.

ಒಂದೇ ಬಾಕಿ. ಮೇಲೆ ಒಂದು ಹುಡುಕು ಬಾಕ್ಸ್ ಇಟ್ಟಿದ್ದೇನೆ. "ಚಾಲಿ" ಅಂತ ಹೊಡೆದರೆ ಸಿಗ್ತದೆ, "ಕೆಂಪುಗೋಟು" ಅಂದರೆ ಕೆಲವು ಸಾಲು ಸಿಗ್ತದೆ, ಕೆಲವು ಇಲ್ಲ. ಕಣ್ಣಿಗೆ ಎರಡೂ ಒಂದೇ.

ದೇವಿಮನೆ_ತಿರುವು · ಕುಮಟಾ · 18:48

"ಗೋ" ನೋಡಿ. ಯೂನಿಕೋಡಿನಲ್ಲಿ ಓ ಸ್ವರದ ಗುರುತನ್ನು ಒಂದೇ ಸಂಕೇತವಾಗಿಯೂ ಬರೀಬಹುದು, ಎ ಗುರುತು, ಊ ಗುರುತು, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಬರೀಬಹುದು. ನಿಮ್ಮ ಕನ್ವರ್ಟರ್ ತುಂಡು ಮಾಡಿ ಕೊಡ್ತಾ ಇರಬೇಕು, ಗುಮಾಸ್ತರ ಕೀಬೋರ್ಡ್ ಒಂದೇ ಕೊಡ್ತದೆ. ಸ್ಟ್ರಿಂಗಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ತುಂಡುಗಳನ್ನು ಕೂಡಿಸುವ ರೂಪ) ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರ್ತವೆ. ಬೈತಖೋಲಿನವರು ಹೇಳಿದ್ದು ನೋಡಿನ ನಾರ್ಮಲೈಸ್, ಇದು ಬೇರೆ. ಟೆಕ್ಸ್ಟ್ ನೋಡಿಗೂ ಹಾಕಿ, ಹುಡುಕು ಬಾಕ್ಸಿನಲ್ಲಿ ಹೊಡೆದದ್ದಕ್ಕೂ ಹಾಕಿ. ಬಿಳೆಗೋಟಿಗೂ ಇದೇ ಔಷಧ.

ಅಡಿಕೆ_ಚಪ್ಪರ · ಶಿರಸಿ · 18:57

ಗೋಟು ಎರಡೂ ಸಿಕ್ಕವು.

ಮಳೆ_ಶುರು · ಯಲ್ಲಾಪುರ · 19:02

ಹಾಗಾದ್ರೆ ಚಾಲಿ ಎಷ್ಟು ಅಂತ ಈಗಾದ್ರೂ ಹೇಳಿ ಮಾರಾಯ್ರೆ.